ಮನೆಯ ಕಂಪ್ಯೂಟರಿಗೆ ಯಜಮಾನ ಯಾರು?

ಬಂಗಾರಪೇಟೆಯಲ್ಲಿ ಕವಲೊಡೆಯುವ ರೈಲು ಹಾದಿ ಕೋರಮಂಡಲ್, ಊರ್ಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂಗೆ ಬಂದು ಮುಗಿದುಬಿಡುತ್ತದೆ. ಅದರಾಚೆ ಹಳಿಯಿಲ್ಲ. ಸುಮಾರು 16 ಕಿಲೋಮೀಟರಿನ ಈ ತುಂಡು ಹಾದಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಕಿದ್ದೇ ಚಿನ್ನದ ಗಣಿಗಳಿಗಾಗಿ. 2001ರ ಫೆಬ್ರುವರಿ 28ರಂದು ಗಣಿಗಳು ಬಾಗಿಲು ಹಾಕಿದ ಮೇಲೆ ಹಳಿಯ ಕೆಲಸವೇ ಬದಲಾಯಿತು. ಈಗ ಅದು ಮನುಷ್ಯರನ್ನು ಬೆಂಗಳೂರಿಗೆ ಹೊತ್ತೊಯ್ಯುತ್ತದೆ. ನಸುಕಿನಲ್ಲೇ ಎದ್ದು, ಬುತ್ತಿ ಕಟ್ಟಿಕೊಂಡು ರೈಲು ಹತ್ತಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವವರು ಕೆಜಿಎಫ್‌ನಲ್ಲಿ ಸಾವಿರಾರು ಮಂದಿ.

ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಪ್ಪ ಬೆಳಗಿನ ರೈಲಿಗೆ ಹೋದರು. ಮನೆಯಲ್ಲಿ ಪಿಯುಸಿ ಎರಡನೇ ವರ್ಷದ ಮಗಳು, ಒಂಬತ್ತನೇ ತರಗತಿಯ ಮಗ, ಅವರ ಅಮ್ಮ, ಮತ್ತು ಮೇಜಿನ ಮೇಲೊಂದು ಕಂಪ್ಯೂಟರ್. ನಾಳೆ ಸಿಇಟಿ. ಪ್ರವೇಶಪತ್ರವನ್ನು ಮುದ್ರಿಸಿಕೊಳ್ಳಬೇಕು. ಪ್ರಿಂಟರ್ ಹೊಸದು, ತಂತಿಯನ್ನೂ ಸಿಕ್ಕಿಸಿದ್ದಾಗಿದೆ. ಆದರೆ ಅದರ ತಂತ್ರಾಂಶವನ್ನು ಹಾಕಹೊರಟರೆ ಪರದೆ ಮಬ್ಬಾಗಿ ನಡುವೆ ಒಂದು ಚೌಕ ಮೂಡುತ್ತದೆ: ಮುಂದುವರಿಯಬೇಕಾದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಡಿ.

"ಅಪ್ಪಾ, ಪಾಸ್‌ವರ್ಡ್ ಕೇಳ್ತಾ ಇದೆ."

"ಮನೆಗೆ ಬಂದ್ಮೇಲೆ ನಾನೇ ಹಾಕ್ತೀನಿ ಕಣಮ್ಮಾ."

"ಅಷ್ಟೊತ್ತಿಗೆ ಕರೆಂಟ್ ಹೋದ್ರೆ? ಈಗ್ಲೇ ಹೇಳಪ್ಪಾ."

"ನೀನು ಹಾಕೋವಾಗ ತಮ್ಮ ಪಕ್ಕದಲ್ಲೇ ನಿಂತಿರ್ತಾನೆ. ಬೇಡ."

ರೈಲು ವೈಟ್‌ಫೀಲ್ಡ್ ದಾಟುವ ಹೊತ್ತಿಗೆ ಮಾತು ಅರ್ಧಕ್ಕೇ ಕಡಿಯುತ್ತದೆ. ಮಗಳು ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ ಹತ್ತು ರೂಪಾಯಿ ಕೊಟ್ಟು ಪ್ರವೇಶಪತ್ರ ತೆಗೆಸಿಕೊಳ್ಳುತ್ತಾಳೆ. ಕೆಲಸವೇನೋ ಆಯಿತು. ಆದರೆ ಅಪ್ಪನಿಗೆ ಮಗನ ಮೇಲೇಕೆ ಅಷ್ಟು ಗುಮಾನಿ? ಎರಡು ತಿಂಗಳ ಹಿಂದೆ ಅವನು ಸ್ನೇಹಿತನ ಪೆನ್‌ಡ್ರೈವಿನಿಂದ ಪುಕ್ಕಟೆ ಆಟವೊಂದನ್ನು ಹಾಕಿದ್ದ. ಮರುದಿನದಿಂದ ಪರದೆಯ ತುಂಬ ಜಾಹೀರಾತು. ಅದೇ ಕಂಪ್ಯೂಟರಿನಲ್ಲಿ ಅಪ್ಪ ಬ್ಯಾಂಕಿನ ವ್ಯವಹಾರ ನಡೆಸುತ್ತಾರೆ. ಅಂಗಡಿಯವರಿಂದ ರಿಪೇರಿ ಮಾಡಿಸಿಕೊಂಡು ಬಂದ ದಿನವೇ ಅವರು ಪಾಸ್‌ವರ್ಡ್ ಹಾಕಿ ಬಾಯಿ ಮುಚ್ಚಿಕೊಂಡರು.

ಈ ಜಗಳದಲ್ಲಿ ತಪ್ಪು ಯಾರದೆಂದು ತೀರ್ಮಾನಿಸುವ ಮೊದಲು ಪಾಸ್‌ವರ್ಡ್ ಕೇಳಿದ ಆ ಚೌಕದ ಹಿಂದೆ ಏನಿದೆ ಎಂದು ನೋಡುವುದು ಒಳ್ಳೆಯದು. ಕಂಪ್ಯೂಟರ್ ಇರುವ ಬಹುಪಾಲು ಮನೆಗಳಲ್ಲಿ ಈ ವಿಷಯವನ್ನು ಯಾರೂ ಯಾರಿಗೂ ಹೇಳಿಕೊಟ್ಟಿರುವುದಿಲ್ಲ.

ಎರಡು ಬಗೆಯ ಖಾತೆ

ವಿಂಡೋಸ್ ಕಂಪ್ಯೂಟರಿನಲ್ಲಿ ಬಳಕೆದಾರರ ಖಾತೆಗಳು ಮುಖ್ಯವಾಗಿ ಎರಡು ಬಗೆ. ಒಂದು ಅಡ್ಮಿನಿಸ್ಟ್ರೇಟರ್, ಇನ್ನೊಂದು ಸ್ಟ್ಯಾಂಡರ್ಡ್. ಸ್ಟ್ಯಾಂಡರ್ಡ್ ಖಾತೆಯಲ್ಲಿ ಕುಳಿತವರು ಪಾಠ ಓದಬಹುದು, ಪ್ರಬಂಧ ಬರೆಯಬಹುದು, ಸಿನಿಮಾ ನೋಡಬಹುದು, ತಮ್ಮ ಕಡತಗಳನ್ನು ಇಟ್ಟುಕೊಳ್ಳಬಹುದು, ಪರದೆಯ ಚಿತ್ರ ಬದಲಿಸಬಹುದು. ಆದರೆ ಎಲ್ಲರಿಗೂ ಸೇರಿದ ಜಾಗವನ್ನು, ಅಂದರೆ ಯಂತ್ರದ ಮೂಲ ಕಡತಗಳು ಹಾಗೂ ಎಲ್ಲರೂ ಬಳಸುವ ತಂತ್ರಾಂಶಗಳಿರುವ ಜಾಗವನ್ನು, ಮುಟ್ಟುವಂತಿಲ್ಲ. ಮನೆಯ ಇನ್ನೊಬ್ಬರ ಖಾತೆಯೊಳಗೆ ಇಣುಕುವಂತೆಯೂ ಇಲ್ಲ. ಅಡ್ಮಿನಿಸ್ಟ್ರೇಟರಿಗೆ ಇವೆಲ್ಲಕ್ಕೂ ಅಧಿಕಾರವಿದೆ.

ಇದರಲ್ಲೊಂದು ಸೂಕ್ಷ್ಮವಿದೆ. ಅಧಿಕಾರ ಸಿಗುವುದು ಮನುಷ್ಯನಿಗಲ್ಲ, ಅವನು ಚಾಲೂ ಮಾಡಿದ ತಂತ್ರಾಂಶಕ್ಕೆ. ಹುಡುಗ ಆಟವೊಂದನ್ನು ತೆರೆದು "ಹೌದು" ಎಂದು ಒತ್ತಿದರೆ ಅವನ ಕೈಲಿದ್ದ ಅಧಿಕಾರವೆಲ್ಲ ಆ ಆಟಕ್ಕೆ ಹೋಗುತ್ತದೆ. ಆಟ ಆಟವಾಗಿಯೇ ಇದ್ದರೆ ಸರಿ. ಅದರ ಹೊಟ್ಟೆಯಲ್ಲಿ ಬೇರೇನಾದರೂ ಇದ್ದರೆ ಅದಕ್ಕೂ ಯಜಮಾನಿಕೆ ಸಿಕ್ಕಿತು. ಹುಡುಗ ಒಳ್ಳೆಯವನೇ ಇರಬಹುದು. ಒಳ್ಳೆಯವರ ಕೈಯಿಂದಲೇ ಇಂಥ ಕೆಲಸ ಹೆಚ್ಚಾಗಿ ಆಗುವುದು.

ಒಬ್ಬೊಬ್ಬರಿಗೂ, ಒಂದೊಂದು ತಂತ್ರಾಂಶಕ್ಕೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು, ಕಾಳಿನಷ್ಟೂ ಹೆಚ್ಚು ಬೇಡ ಎಂಬ ಸೂತ್ರವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬ ಇಬ್ಬರು ವಿಜ್ಞಾನಿಗಳು 1975ರ ಪ್ರಬಂಧವೊಂದರಲ್ಲಿ ಸ್ಪಷ್ಟವಾಗಿ ಬರೆದಿಟ್ಟರು. ದೊಡ್ಡ ಕಂಪ್ಯೂಟರುಗಳಲ್ಲಿ ಅದಕ್ಕೂ ಮೊದಲೇ ಈ ರೂಢಿಯಿತ್ತು. ಒಂದೇ ಯಂತ್ರವನ್ನು ಹತ್ತಾರು ಮಂದಿ ಹಂಚಿಕೊಳ್ಳುತ್ತಿದ್ದ ಕಾಲ ಅದು. ಯೂನಿಕ್ಸ್‌ನಲ್ಲಿ 'ರೂಟ್' ಎಂಬ ಒಬ್ಬನೇ ಸರ್ವಾಧಿಕಾರಿ, ಉಳಿದವರೆಲ್ಲ ಸಾಮಾನ್ಯರು.

ಮನೆಗೆ ಬಂದ ಕಂಪ್ಯೂಟರ್ ಮಾತ್ರ ಈ ಶಿಸ್ತನ್ನು ಹೊರಗೇ ಬಿಟ್ಟು ಬಂತು. ವಿಂಡೋಸ್ 95 ಮತ್ತು 98ರ ಕಾಲದಲ್ಲಿ ಯಂತ್ರ ಹೊತ್ತಿಸಿದಾಗ ಹೆಸರು, ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬರುತ್ತಿದ್ದುದು ಹಳಬರಿಗೆ ನೆನಪಿರಬಹುದು. ಕ್ಯಾನ್ಸಲ್ ಒತ್ತಿದರೆ ಸೀದಾ ಒಳಗೆ! ಬೀಗ ಹಾಕಿದ ಬಾಗಿಲಿನ ಪಕ್ಕದಲ್ಲೇ ಗೋಡೆಯಿಲ್ಲದ ಮನೆ ಅದು. 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ ಖಾತೆಗಳ ನಿಜವಾದ ವ್ಯವಸ್ಥೆ ಇತ್ತಾದರೂ, ಅದನ್ನು ಸ್ಥಾಪಿಸುವಾಗ ಮಾಡಿದ ಖಾತೆಗಳೆಲ್ಲ ತಾವಾಗಿಯೇ ಅಡ್ಮಿನಿಸ್ಟ್ರೇಟರ್ ಆಗುತ್ತಿದ್ದವು. ಮನೆಯಲ್ಲಿ ಐದು ಜನರಿದ್ದರೆ ಐವರೂ ಯಜಮಾನರೇ. 2007ರಲ್ಲಿ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಆ ಮಬ್ಬು ಪರದೆಯ ಪ್ರಶ್ನೆಯನ್ನು ತಂದಿತು. ಅದು ಮಾತುಮಾತಿಗೂ ಅಪ್ಪಣೆ ಕೇಳಿ ಜನರಿಗೆ ರೇಗಿಸಿತು. 2009ರ ವಿಂಡೋಸ್ 7ರಲ್ಲಿ ಪ್ರಶ್ನೆಗಳು ಕಡಿಮೆಯಾದವು. ಆದರೆ ಅಷ್ಟರೊಳಗೆ ಓದದೆಯೇ "ಹೌದು" ಒತ್ತುವ ಅಭ್ಯಾಸ ಒಂದು ತಲೆಮಾರಿನ ಬೆರಳಿಗೆ ಅಂಟಿಬಿಟ್ಟಿತ್ತು.

ಇವತ್ತಿಗೂ ಹೊಸ ಕಂಪ್ಯೂಟರ್ ತಂದು ಮೊದಲ ಸಲ ಹೆಸರು ನಮೂದಿಸುವವರು ತಮಗೆ ಗೊತ್ತಿಲ್ಲದೆಯೇ ಅಡ್ಮಿನಿಸ್ಟ್ರೇಟರ್ ಆಗಿರುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಮೊದಲಿಗರು ಮಕ್ಕಳು. ಏಕೆಂದರೆ ಪೆಟ್ಟಿಗೆ ಒಡೆಯುವ ಉತ್ಸಾಹ ಅವರದೇ. ಇನ್ನು ಕೆಲವು ಮನೆಗಳಲ್ಲಿ ಅದು ಅಂಗಡಿಯವರು. ಅವರ ಮಾತು ಮುಂದೆ ಬರುತ್ತದೆ.

ಐವತ್ತೊಂಬತ್ತು ದಿನ

ಅಪ್ಪ ಪಾಸ್‌ವರ್ಡ್ ಬಚ್ಚಿಟ್ಟದ್ದು ಸರಿಯೇ ಎನ್ನೋಣ. ಆದರೆ ಅದರಿಂದ ಇನ್ನೊಂದು ಪ್ರಶ್ನೆ ಏಳುತ್ತದೆ. ತಂತ್ರಾಂಶಗಳು ಆಗಾಗ್ಗೆ ಪರಿಷ್ಕರಣೆ ಬೇಡುತ್ತವೆ. ಜನ ಅದನ್ನು ಅಪ್‌ಡೇಟ್ ಎಂದೇ ಕರೆಯುತ್ತಾರೆ, ಹಾಗೆಯೇ ಇರಲಿ. ಪಾಸ್‌ವರ್ಡ್ ಗೊತ್ತಿರುವವರು ಹಗಲೆಲ್ಲ ಬೆಂಗಳೂರಿನಲ್ಲಿದ್ದರೆ ಅಪ್‌ಡೇಟ್ ಹಾಕುವವರು ಯಾರು?

ಅಪ್‌ಡೇಟ್ ಎಂದರೆ ಹೊಸ ಚಂದದ ಗುಂಡಿಗಳು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದರಲ್ಲಿ ಅರ್ಧ ನಿಜವಿದೆ. ಇನ್ನರ್ಧ ತೂತು ಮುಚ್ಚುವ ಕೆಲಸ. ಕೋಟ್ಯಂತರ ಸಾಲುಗಳಿರುವ ತಂತ್ರಾಂಶದಲ್ಲಿ ತೂತುಗಳು ಇದ್ದೇ ಇರುತ್ತವೆ. ತಯಾರಕರು ಕಂಡಾಗ ಮುಚ್ಚಿ ಕಳಿಸುತ್ತಾರೆ. ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ತಿಂಗಳ ಎರಡನೇ ಮಂಗಳವಾರವನ್ನು ಇದಕ್ಕೆ ಗೊತ್ತುಮಾಡಿಕೊಂಡಿದೆ. ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಿಗ್ಗೆ ಹತ್ತು ಗಂಟೆಯೆಂದರೆ ಇಲ್ಲಿ ಮಂಗಳವಾರ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ನಮ್ಮ ಮನೆಗಳಿಗೆ ಅದು ಬುಧವಾರದ ಸರಕು.

ವಿಚಿತ್ರವೆಂದರೆ ತೂತು ಮುಚ್ಚಿದ ದಿನವೇ ಮುಚ್ಚಿಕೊಳ್ಳದವರಿಗೆ ಅಪಾಯ ಹೆಚ್ಚುತ್ತದೆ. ಕಳ್ಳರು ಹಳೆಯ ಕಡತವನ್ನೂ ಹೊಸ ಕಡತವನ್ನೂ ಪಕ್ಕಪಕ್ಕದಲ್ಲಿಟ್ಟು ಎಲ್ಲಿ ಬದಲಾಗಿದೆ ಎಂದು ಹುಡುಕುತ್ತಾರೆ. ಬದಲಾದ ಜಾಗವೇ ತೂತಿದ್ದ ಜಾಗ. 2003ರ ಜುಲೈ 16ರಂದು ಇಂಥದೊಂದು ತೇಪೆ ಬಂತು. ಆಗಸ್ಟ್ 11ರ ಹೊತ್ತಿಗೆ 'ಬ್ಲಾಸ್ಟರ್' ಎಂಬ ಹುಳು ಅದೇ ತೂತಿನಲ್ಲಿ ನುಗ್ಗಿ, ಎಕ್ಸ್‌ಪಿ ಯಂತ್ರಗಳು ಅರವತ್ತು ಸೆಕೆಂಡುಗಳ ಎಣಿಕೆ ತೋರಿಸಿ ತಾವಾಗಿಯೇ ಆರಿ ಹೊತ್ತಿಕೊಳ್ಳತೊಡಗಿದವು.

ಅದಕ್ಕಿಂತ ದೊಡ್ಡದು 'ವಾನ್ನಾಕ್ರೈ'. ತೇಪೆ ಬಂದದ್ದು 2017ರ ಮಾರ್ಚ್ 14ಕ್ಕೆ. ದಾಳಿ ನಡೆದದ್ದು ಮೇ 12, ಶುಕ್ರವಾರ. ನಡುವೆ ಐವತ್ತೊಂಬತ್ತು ದಿನ. ಎರಡು ತಿಂಗಳಿಗೆ ಒಂದೆರಡು ದಿನ ಕಡಿಮೆ. ಆ ಅವಧಿಯಲ್ಲಿ ಅಪ್‌ಡೇಟ್ ಹಾಕಿಕೊಂಡವರ ಯಂತ್ರಗಳಿಗೆ ಅದು ಆ ತೂತಿನಿಂದ ನುಗ್ಗಲಾಗಲಿಲ್ಲ. ಹಾಕಿಕೊಳ್ಳದ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿತ್ತು, ಬಿಡಿಸಲು ಹಣ ಕೇಳುವ ಕೆಂಪು ಪರದೆ ಮೂಡಿತು. ಸುಮಾರು 150 ದೇಶಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಿದರು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕಂಪ್ಯೂಟರುಗಳಿಗೂ ಅದರ ಬಿಸಿ ತಟ್ಟಿತು.

ಇಲ್ಲಿ ಪೋಷಕರು ಗಮನಿಸಬೇಕಾದ ಒಂದು ಮಾತಿದೆ. ವಾನ್ನಾಕ್ರೈ ಯಾರ ಪಾಸ್‌ವರ್ಡನ್ನೂ ಕೇಳಲಿಲ್ಲ. ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. ಅದು ನುಗ್ಗಿದ ತೂತು ಯಂತ್ರದ ಗರ್ಭಗುಡಿಯಲ್ಲೇ ಇತ್ತು. ಮಕ್ಕಳಿಗೆ ಸ್ಟ್ಯಾಂಡರ್ಡ್ ಖಾತೆ ಕೊಟ್ಟು, ಪಾಸ್‌ವರ್ಡನ್ನು ಎದೆಯೊಳಗೆ ಹುಗಿದಿಟ್ಟುಕೊಂಡಿದ್ದ ಮನೆಯೂ ಅಪ್‌ಡೇಟ್ ಹಾಕದಿದ್ದರೆ ಬಚಾವಾಗುತ್ತಿರಲಿಲ್ಲ. ಬೀಗ ಗಟ್ಟಿಯಿದ್ದು ಗೋಡೆಯಲ್ಲಿ ಕಿಂಡಿಯಿದ್ದಂತೆ.

ಗಂಟೆ ಹೊಡೆದರೆ ತೊಟ್ಟಿಲು ಏಳುತ್ತದೆ

ಹಾಗಾದರೆ ಮಕ್ಕಳಿಗೆ ಅಧಿಕಾರ ಕೊಡದೆ, ಅಪ್ಪನಿಗಾಗಿ ಕಾಯದೆ ಅಪ್‌ಡೇಟ್ ಆಗುವುದು ಹೇಗೆ? ಇದಕ್ಕೆ ಉತ್ತರ ಮಾರಿಕುಪ್ಪಂನವರಿಗೆ ಬೇರೆ ಊರಿನವರಿಗಿಂತ ಬೇಗ ಹೊಳೆಯಬೇಕು.

ಗಣಿಗೆ ಇಳಿಯುವ ಕಾರ್ಮಿಕರು ತೊಟ್ಟಿಲಿನಂಥ ಕೇಜಿನಲ್ಲಿ ನಿಲ್ಲುತ್ತಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಕೇಜನ್ನು ಇಳಿಸುವ, ಏರಿಸುವ ಯಂತ್ರ ಇರುತ್ತಿದ್ದುದು ಮೇಲೆ, ಬೇರೆ ಮನೆಯಲ್ಲಿ, ಅದಕ್ಕೆಂದೇ ನೇಮಿಸಿದ ಚಾಲಕನ ಕೈಯಲ್ಲಿ. ಕೆಳಗಿದ್ದವರು ಗೊತ್ತಾದ ಲೆಕ್ಕದಲ್ಲಿ ಗಂಟೆ ಹೊಡೆಯುತ್ತಿದ್ದರು. ಇಷ್ಟು ಸಲ ಹೊಡೆದರೆ ಎತ್ತು, ಇಷ್ಟು ಸಲ ಹೊಡೆದರೆ ನಿಲ್ಲಿಸು. ಗಂಟೆ ಹೊಡೆಯುವವನು ಯಂತ್ರವನ್ನು ಮುಟ್ಟುತ್ತಿರಲಿಲ್ಲ. ಯಂತ್ರದವನು ಗಂಟೆಯಿಲ್ಲದೆ ಕೇಜನ್ನು ಅಲುಗಿಸುತ್ತಿರಲಿಲ್ಲ. ಸಾವಿರಾರು ಮಂದಿಯನ್ನು ದಿನವೂ ಇಳಿಸಿ ಹತ್ತಿಸಲು ಸಾವಿರಾರು ಮಂದಿಗೆ ಯಂತ್ರದ ಕೀಲಿ ಕೊಡಬೇಕಾಗಿರಲಿಲ್ಲ.

ವಿಂಡೋಸ್‌ನ ಅಪ್‌ಡೇಟ್ ಹೀಗೆಯೇ ನಡೆಯುತ್ತದೆ. ಹಿನ್ನೆಲೆಯಲ್ಲಿ ಸದಾ ಕುಳಿತಿರುವ 'ಸರ್ವಿಸ್' ಎಂಬ ಕೆಲಸಗಾರನೊಬ್ಬನಿಗೆ ಯಂತ್ರದ ಪೂರ್ಣ ಅಧಿಕಾರವಿದೆ. ಸ್ಟ್ಯಾಂಡರ್ಡ್ ಖಾತೆಯ ಮಗಳು ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟ್ ಇದೆಯೇ ನೋಡು ಎಂದು ಒತ್ತಿದರೆ ಅದು ಗಂಟೆ ಹೊಡೆದಂತೆ. ಸರ್ವಿಸ್ ಮೈಕ್ರೋಸಾಫ್ಟಿನಿಂದ ಕಡತ ತರಿಸಿ, ಅದರ ಸಹಿ ಪರೀಕ್ಷಿಸಿ, ತಾನೇ ಹಾಕುತ್ತದೆ. ಪಾಸ್‌ವರ್ಡ್ ಬೇಕಿಲ್ಲ. ಒತ್ತದಿದ್ದರೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಮನೆಯವರಿಂದ ಬೇಕಾದದ್ದು ಎರಡೇ: ಇಂಟರ್‌ನೆಟ್ ಸಂಪರ್ಕ, ಮತ್ತು ಕೇಳಿದಾಗ ಒಮ್ಮೆ ಆರಿಸಿ ಹೊತ್ತಿಸುವುದು. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳೂ ಸಾಮಾನ್ಯವಾಗಿ ಇಂಥದೇ ಕೆಲಸಗಾರನನ್ನು ಇಟ್ಟುಕೊಂಡಿರುತ್ತವೆ. ಉಬುಂಟು ಲಿನಕ್ಸ್ ಭದ್ರತೆಯ ಅಪ್‌ಡೇಟುಗಳನ್ನು ಯಾರನ್ನೂ ಎಬ್ಬಿಸದೆ ಹಾಕಿಕೊಳ್ಳುವಂತೆ ಸಿದ್ಧವಾಗಿಯೇ ಬರುತ್ತದೆ. ಅದರ ಮೇಲೆ ಕಟ್ಟಿದ ಕೈಟ್ ಲಿನಕ್ಸನ್ನು ಕೇರಳದ ಸರ್ಕಾರಿ ಶಾಲೆಗಳು ಬಳಸುತ್ತವೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದೂ ಅದರ ಮೇಲೆಯೇ. ಇನ್ನು ಆಂಡ್ರಾಯ್ಡ್ ಫೋನಿನಲ್ಲಂತೂ ಪ್ರತಿಯೊಂದು ಆ್ಯಪ್ ಕೂಡ ಒಬ್ಬ ಬೇರೆ ಬಳಕೆದಾರನಿದ್ದಂತೆ. ಒಂದರ ಕೋಣೆಗೆ ಇನ್ನೊಂದು ಹೋಗಲಾರದು. ಫೋನು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳದಿರುವುದಕ್ಕೆ ಕಾರಣ ಯಜಮಾನಿಕೆಯನ್ನು ಅದು ಯಾರಿಗೂ ಕೊಟ್ಟೇ ಇಲ್ಲದಿರುವುದು.

ಆದರೆ ಗಂಟೆಯಿಲ್ಲದ ತಂತ್ರಾಂಶಗಳೂ ಉಂಟು, ತೊಂದರೆ ಇರುವುದು ಅಲ್ಲಿ. ಕಡತಗಳನ್ನು ಒತ್ತಿ ಗಂಟು ಕಟ್ಟುವ ವಿನ್‌ರಾರ್ ಇಲ್ಲದ ಕಂಪ್ಯೂಟರ್ ನಮ್ಮಲ್ಲಿ ಅಪರೂಪ. 2023ರಲ್ಲಿ ಅದರಲ್ಲೊಂದು ತೂತು ಸಿಕ್ಕಿತು. ಗಂಟಿನೊಳಗಿನ ಚಿತ್ರವನ್ನು ನೋಡಹೋದರೆ ಬೇರೊಂದು ತಂತ್ರಾಂಶ ಚಾಲೂ ಆಗುವಂತೆ ಕಳ್ಳರು ಮಾಡಿದ್ದರು. ಆಗಸ್ಟಿನಲ್ಲಿ ಬಂದ 6.23ನೇ ಆವೃತ್ತಿಯಲ್ಲಿ ಅದನ್ನು ಮುಚ್ಚಿದರು. ಆದರೆ ವಿನ್‌ರಾರ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳುತ್ತಿರಲಿಲ್ಲ. ಯಾರಾದರೂ ಹೊಸದನ್ನು ಇಳಿಸಿಕೊಂಡು ಹಾಕಬೇಕು, ಹಾಕುವಾಗ ಪಾಸ್‌ವರ್ಡ್ ಬೇಕು. ಪ್ರಿಂಟರಿನ ತಂತ್ರಾಂಶ, ಹಳೆಯ ಆಟಗಳು, ಕನ್ನಡ ಬರೆಯಲು ಹಾಕಿಕೊಂಡ ತಂತ್ರಾಂಶಗಳು ಬಹುಪಾಲು ಇದೇ ಜಾತಿ. ಇವಕ್ಕೆ ಅಪ್ಪನೋ ಅಮ್ಮನೋ ಬರಲೇಬೇಕು.

ಅಪ್‌ಡೇಟ್ ಹಾಕಿದ ಮೇಲೆಯೇ ಕೆಟ್ಟಿದ್ದು!

ಹೀಗೆ ದೂರುವವರ ಮಾತನ್ನು ತಳ್ಳಿಹಾಕುವಂತಿಲ್ಲ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ದಾಖಲೆಗಳನ್ನೇ ಅಳಿಸಿಹಾಕಿತ್ತು. ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದು, ಸರಿಪಡಿಸಿ ಮತ್ತೆ ಬಿಡಬೇಕಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಮನೆಯ ಕಂಪ್ಯೂಟರುಗಳು ಈ ಸಲ ಪಾರಾದವು, ಏಕೆಂದರೆ ಆ ತಂತ್ರಾಂಶ ಇರುವುದು ಕಂಪನಿಗಳಲ್ಲಿ.

ಆದ್ದರಿಂದ ಎರಡು ಬಗೆಯ ಅಪ್‌ಡೇಟುಗಳನ್ನು ಬೇರೆ ಮಾಡಿ ನೋಡುವುದು ಜಾಣತನ. ತಿಂಗಳು ತಿಂಗಳು ಬರುವ ಭದ್ರತೆಯ ತೇಪೆಯನ್ನು ತಡಮಾಡದೆ ಹಾಕಿಕೊಳ್ಳಬೇಕು. ವರ್ಷಕ್ಕೊಮ್ಮೆ ಬರುವ, ಮನೆಯನ್ನೇ ಮಾರ್ಪಡಿಸುವಂಥ ದೊಡ್ಡ ಆವೃತ್ತಿಗೆ ಒಂದೆರಡು ತಿಂಗಳು ಕಾದರೆ ನಷ್ಟವಿಲ್ಲ. ಎರಡಕ್ಕೂ ಮೊದಲು ಮುಖ್ಯವಾದ ಕಡತಗಳ ಒಂದು ಪ್ರತಿ ಬೇರೆ ಕಡೆ ಇರಲಿ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್, ಕುಟುಂಬದ ಫೋಟೋ, ಮಗಳ ಪ್ರಾಜೆಕ್ಟ್ ವರದಿ. ಒಂದು ಪೆನ್‌ಡ್ರೈವಿನಲ್ಲಿ ಹಾಕಿ, ಕಂಪ್ಯೂಟರಿನಿಂದ ಬಿಚ್ಚಿ, ಬೀರುವಿನಲ್ಲಿಟ್ಟರೆ ಸಾಕು. ಚುಚ್ಚಿಕೊಂಡೇ ಬಿಟ್ಟ ಪೆನ್‌ಡ್ರೈವಿಗೂ ಬೀಗ ಬೀಳುತ್ತದೆ.

ಈ ಪ್ರತಿಯ ಮಾತು ಖಾತೆಗೂ ಸಂಬಂಧಪಟ್ಟದ್ದೇ. ಸ್ಟ್ಯಾಂಡರ್ಡ್ ಖಾತೆ ಯಂತ್ರವನ್ನು ಕಾಯುತ್ತದೆ, ಇತರರ ಕಡತಗಳನ್ನು ಕಾಯುತ್ತದೆ. ಆ ಖಾತೆಯವರ ಸ್ವಂತ ಕಡತಗಳನ್ನು ಕಾಯುವುದಿಲ್ಲ. ಮಗನ ಖಾತೆಯಲ್ಲಿ ಹೊಕ್ಕ ದುಷ್ಟ ತಂತ್ರಾಂಶಕ್ಕೆ ಮಗನ ಅಧಿಕಾರವೆಲ್ಲ ಇದೆ. ಅವನ ಬರಹಗಳನ್ನು ಅದು ಕೆಡಿಸಬಲ್ಲದು. ಕೆಲವು ತಂತ್ರಾಂಶಗಳು ಬಳಕೆದಾರರ ಸ್ವಂತ ಕಡತಕೋಶದಲ್ಲೇ ಕುಳಿತು, ಪಾಸ್‌ವರ್ಡ್ ಕೇಳದೆಯೇ ನಡೆಯುತ್ತವೆ. ಅಪ್ಪನ ಬ್ಯಾಂಕ್ ಖಾತೆ ಉಳಿಯುವುದು ಅಪ್ಪ ತಮ್ಮದೇ ಬೇರೆ ಖಾತೆಯಲ್ಲಿ ಬ್ಯಾಂಕಿನ ಕೆಲಸ ಮಾಡಿದರೆ ಮಾತ್ರ. ಎಲ್ಲರೂ ಒಂದೇ ಖಾತೆಯಲ್ಲಿ ಕೂತರೆ ಈ ವ್ಯವಸ್ಥೆಯಿಂದ ಚೂರೂ ಉಪಯೋಗವಿಲ್ಲ.

ಹಳೆಯ ಯಂತ್ರಗಳ ಪಾಡು

ಕೊರೋನಾ ಕಾಲದ ಆನ್‌ಲೈನ್ ತರಗತಿಗಳಿಗಾಗಿ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದ ಮನೆಗಳು ಬೇಕಾದಷ್ಟಿವೆ. ಅಂಥ ಯಂತ್ರಗಳಲ್ಲಿ ವಿಂಡೋಸ್ 7 ಇದ್ದರೆ ಅದಕ್ಕೆ ತೇಪೆಗಳು 2020ರ ಜನವರಿ 14ಕ್ಕೇ ನಿಂತವು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14 ಕೊನೆಯ ದಿನವಾಗಿತ್ತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕೆನ್ನುತ್ತದೆ. ಚೆನ್ನಾಗಿಯೇ ಓಡುವ ಯಂತ್ರವನ್ನು ಬಡವರ ಮನೆಯಲ್ಲಿ ಹೀಗೆ ಮೂಲೆಗೆ ತಳ್ಳುವುದು ನ್ಯಾಯವೇ ಎಂದು ಕೇಳಿದರೆ ತಪ್ಪಿಲ್ಲ.

ಸದ್ಯಕ್ಕೆ ಒಂದು ದಾರಿ ಇದೆ. ವಿಂಡೋಸ್ 10 ಇರುವ ಮನೆಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆಗಳನ್ನು ಕೊಡುವ ಹೆಚ್ಚುವರಿ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ತೆರೆಯಿತು. ಸೆಟ್ಟಿಂಗುಗಳ ಪ್ರತಿಯನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ಇಡಲು ಒಪ್ಪಿದರೆ ಹಣ ಕೊಡಬೇಕಿಲ್ಲ. ಆದರೆ ನೋಂದಾಯಿಸುವ ಖಾತೆ ಅಡ್ಮಿನಿಸ್ಟ್ರೇಟರ್ ಆಗಿರಬೇಕು, ಮಗುವಿನ ಖಾತೆ ಆಗಿರಕೂಡದು. ಅಂದರೆ ಇಲ್ಲಿ ಗಂಟೆ ಹೊಡೆದರೆ ಸಾಲದು, ಯಂತ್ರದ ಮನೆಗೇ ಹೋಗಬೇಕು. ಅದಕ್ಕೂ ಆಗದ ಯಂತ್ರಗಳಿಗೆ ಲಿನಕ್ಸ್ ಇದ್ದೇ ಇದೆ. ಓದು, ಬರಹ, ಇಂಟರ್‌ನೆಟ್‌ಗೆ ಅದು ಧಾರಾಳವಾಗಿ ಸಾಕು.

ಇನ್ನು ಅಂಗಡಿಯವರ ಮಾತು. ರಿಪೇರಿಗೆ ಕೊಟ್ಟ ಕಂಪ್ಯೂಟರ್ ವಾಪಸು ಬಂದಾಗ ಅದರಲ್ಲಿ ಯಾರ ಹೆಸರಿನ ಖಾತೆ ಇದೆ ಎಂದು ಎಷ್ಟು ಮಂದಿ ನೋಡುತ್ತಾರೆ? ಕೆಲವು ಕಡೆ ನಕಲಿ ವಿಂಡೋಸ್ ಹಾಕಿ, ಅದು ಸಿಕ್ಕಿಬೀಳದಿರಲಿ ಎಂದು ಅಪ್‌ಡೇಟ್ ಸರ್ವಿಸನ್ನೇ ನಿಲ್ಲಿಸಿ ಕೊಡುವ ರೂಢಿಯಿದೆ. ಯಂತ್ರ ಹಗುರಾಗಿ ಓಡುತ್ತದೆ, ಗಿರಾಕಿಗೂ ಖುಷಿ. ಕೇಜ್ ಎತ್ತುವವನನ್ನು ಮನೆಗೆ ಕಳಿಸಿಬಿಟ್ಟಿದ್ದಾರೆಂದು ಆತನಿಗೆ ಗೊತ್ತಾಗುವುದಿಲ್ಲ. ಇನ್ನು ಕೆಲವು ಕಡೆ ಅಂಗಡಿಯವರು ತಮ್ಮದೇ ಇ-ಮೇಲ್ ಕೊಟ್ಟು ಖಾತೆ ತೆರೆದಿರುತ್ತಾರೆ. ಹೊಸ ಯಂತ್ರಗಳಲ್ಲಿ ಡಿಸ್ಕಿನ ಸಂಕೇತೀಕರಣ ತಾನಾಗಿಯೇ ಚಾಲೂ ಆಗಿರಬಹುದು, ಅದರ ಬಿಡುಗಡೆಯ ಕೀಲಿ ಖಾತೆ ತೆರೆದವರ ಇ-ಮೇಲಿಗೆ ಅಂಟಿಕೊಂಡಿರುತ್ತದೆ. ಒಂದು ದಿನ ಯಂತ್ರ ಆ ಕೀಲಿ ಕೇಳಿದಾಗ ಅಂಗಡಿ ಇರುತ್ತದೋ ಇಲ್ಲವೋ. ಖಾತೆ ಮನೆಯವರ ಇ-ಮೇಲಿನಲ್ಲಿಯೇ ಇರಬೇಕೆಂದು ಹಣ ಕೊಡುವ ಮೊದಲೇ ಕೇಳಿ ಪಡೆಯಬೇಕು.

ಗುಮಾನಿಯ ಮಾತು

ಮತ್ತೆ ಆ ಮನೆಗೆ ಬಂದರೆ, ಮಗನ ಮುನಿಸು ಹಾಗೆಯೇ ಉಳಿದಿದೆ. ಎಲ್ಲ ಗೊತ್ತಿರುವುದು ತನಗೆ, ಕೀಲಿ ಮಾತ್ರ ಅಪ್ಪನ ಬಳಿ. ಅವನಿಗೆ ಅದು ಭದ್ರತೆ ಎಂದು ತೋರುವುದಿಲ್ಲ, ಅಪನಂಬಿಕೆ ಎಂದು ತೋರುತ್ತದೆ. ಕೆಜಿಎಫ್‌ನ ನೆಲದಲ್ಲಿ ಇದು ಹೊಸ ಮಾತಲ್ಲ. ಗಣಿ ಕಂಪನಿಗಳು ಕಾರ್ಮಿಕರ ಬೆರಳಚ್ಚು ಪಡೆದು ನೋಂದಣಿ ಮಾಡಹೊರಟಾಗ 1930ರಲ್ಲಿ ಇಲ್ಲಿ ಮುಷ್ಕರವೇ ನಡೆಯಿತು. ಗುರುತು ಬರೆದುಕೊಳ್ಳುವುದು ಒಂದು ವ್ಯವಸ್ಥೆ ಎಂದು ಕಂಪನಿ ಹೇಳಿದರೆ, ತಮ್ಮನ್ನು ಕಳ್ಳರಂತೆ ಕಾಣುತ್ತಿದ್ದಾರೆ ಎಂದು ಕಾರ್ಮಿಕರಿಗೆ ಅನ್ನಿಸಿತು. ಬೆರಳಚ್ಚು ಕೊಡಬೇಕಾಗಿದ್ದುದು ಅವರು ಮಾತ್ರ, ಮೇಲಿನವರಲ್ಲ.

ಮನೆಯಲ್ಲೂ ಎಡವಟ್ಟಾಗುವುದು ಇಲ್ಲಿಯೇ. ಮಕ್ಕಳಿಗೆ ಸ್ಟ್ಯಾಂಡರ್ಡ್ ಖಾತೆ ಕೊಟ್ಟು ಅಪ್ಪ ತಾವು ಮಾತ್ರ ಅಡ್ಮಿನಿಸ್ಟ್ರೇಟರ್ ಆಗಿ ಕುಳಿತು ಪತ್ರಿಕೆ ಓದುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಡತಗಳನ್ನೆಲ್ಲ ತೆರೆಯುತ್ತಾರೆ. ಹದಿನಾಲ್ಕರ ಹುಡುಗನಿಗಿಂತ ಐವತ್ತರ ಅಪ್ಪ ಮೋಸದ ಕೊಂಡಿಗಳನ್ನು ಕಡಿಮೆ ಒತ್ತುತ್ತಾರೆಂದು ನಂಬಲು ಯಾವ ಕಾರಣವೂ ಇಲ್ಲ. ಸರಿಯಾದ ಏರ್ಪಾಡು ಬೇರೆ. ದಿನದ ಕೆಲಸಕ್ಕೆ ಅಪ್ಪನಿಗೂ ಸ್ಟ್ಯಾಂಡರ್ಡ್ ಖಾತೆ, ಅಮ್ಮನಿಗೂ ಸ್ಟ್ಯಾಂಡರ್ಡ್, ಮಕ್ಕಳಿಗೂ ಸ್ಟ್ಯಾಂಡರ್ಡ್. ಅಡ್ಮಿನಿಸ್ಟ್ರೇಟರ್ ಎಂಬ ಖಾತೆ ಬೇರೆಯೇ ಒಂದು. ಅದರಲ್ಲಿ ಯಾರೂ ಕೂರುವುದಿಲ್ಲ, ಅದು ಕೀಲಿ ಮಾತ್ರ.

ಮಾಡುವ ಕ್ರಮ ಕಷ್ಟದ್ದಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ಅದರ್ ಯೂಸರ್ಸ್ ಎಂಬಲ್ಲಿ ಮೊದಲು ಹೊಸ ಖಾತೆಯೊಂದನ್ನು ಮಾಡಿ ಅದರ ಬಗೆಯನ್ನು ಅಡ್ಮಿನಿಸ್ಟ್ರೇಟರ್ ಎಂದು ಬದಲಿಸಬೇಕು. ಅದರೊಳಗೆ ಒಮ್ಮೆ ಹೋಗಿ ಪಾಸ್‌ವರ್ಡ್ ಹಿಡಿಯುತ್ತದೆಯೇ ಎಂದು ನೋಡಿಕೊಂಡ ಮೇಲೆ, ಅಲ್ಲಿಂದಲೇ ಹಳೆಯ ಖಾತೆಗಳನ್ನು ಒಂದೊಂದಾಗಿ ಸ್ಟ್ಯಾಂಡರ್ಡ್ ಮಾಡಬೇಕು. ಈ ಅನುಕ್ರಮ ತಪ್ಪಬಾರದು. ಕಡತಗಳು, ಚಿತ್ರಗಳು ಇದ್ದಲ್ಲೇ ಇರುತ್ತವೆ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆಯಬಾರದೆಂದು ಕಚೇರಿಗಳಲ್ಲಿ ಹೇಳುತ್ತಾರೆ. ಮನೆಯ ಮಾತೇ ಬೇರೆ. ಮರೆತುಹೋದ ಪಾಸ್‌ವರ್ಡ್ ಕಳ್ಳನಿಗಿಂತ ದೊಡ್ಡ ಶತ್ರು. ಲಕೋಟೆಯಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಟ್ಟರೆ, ತುರ್ತಿಗೆ ಅಮ್ಮ ತೆಗೆದು ಹಾಕಬಹುದು. ಅಪ್ಪ ರೈಲಿನಲ್ಲಿದ್ದರೂ ಪ್ರವೇಶಪತ್ರ ಮುದ್ರಣವಾಗುತ್ತದೆ. ಮಬ್ಬು ಪರದೆಯ ಪ್ರಶ್ನೆ ಇಂಗ್ಲಿಷಿನಲ್ಲಿದೆ ಎಂಬ ಅಳುಕಿದ್ದರೆ ವಿಂಡೋಸ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಲೂ ಬರುತ್ತದೆ.

ಮಗನಿಗೂ ಒಂದು ಕೆಲಸ ಇರಲಿ. ಯಾವ ಯಾವ ತಂತ್ರಾಂಶಕ್ಕೆ ಗಂಟೆಯಿಲ್ಲ, ಯಾವುದರ ಹೊಸ ಆವೃತ್ತಿ ಬಂದಿದೆ ಎಂದು ಅವನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿಡಬಹುದು. ತಯಾರಕರ ಸ್ವಂತ ತಾಣದಿಂದಲೇ ಇಳಿಸಿಡಬಹುದು. ತಿಂಗಳ ಎರಡನೇ ಮಂಗಳವಾರ ಕಳೆದು ಬರುವ ಭಾನುವಾರ ಅಪ್ಪನಿಗೆ ರಜೆ. ಮಗ ಪಟ್ಟಿ ಓದುತ್ತಾನೆ, ಇದು ಏಕೆ ಬೇಕು ಎಂದು ಹೇಳುತ್ತಾನೆ, ಅಪ್ಪ ಮುಖ ಆ ಕಡೆ ತಿರುಗಿಸು ಎಂದು ಹೇಳಿ ಪಾಸ್‌ವರ್ಡ್ ಒತ್ತುತ್ತಾರೆ. ಇಡೀ ಕೆಲಸಕ್ಕೆ ಇಪ್ಪತ್ತು ನಿಮಿಷ. ಮಾರಿಕುಪ್ಪಂನ ಆ ಮನೆಯಲ್ಲಿ ಮೊದಲ ಭಾನುವಾರದ ಪಟ್ಟಿಯಲ್ಲಿ ಪ್ರಿಂಟರ್, ವಿನ್‌ರಾರ್, ಮತ್ತು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಆಟದ ಹೆಸರು ಇದ್ದರೆ ಆಶ್ಚರ್ಯವಿಲ್ಲ.